ಪಹಣಿಯ ಸರ್ವರ್ ಎಲ್ಲಿದೆ?

ಜೂನ್ ತಿಂಗಳು ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ನಾಡಕಚೇರಿಗಳ ಮುಂದೆ ಸಾಲು ಬೆಳೆಯುತ್ತದೆ. ಮಗಳ ಪಿಯುಸಿ ಪ್ರವೇಶಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾದ ತಂದೆ ಅಲ್ಲಿರುತ್ತಾನೆ. ವೃತ್ತಿಶಿಕ್ಷಣದ ಸೀಟಿಗಾಗಿ 371(ಜೆ) ಅರ್ಹತಾ ಪತ್ರದ ಅರ್ಜಿ ಹಿಡಿದ ವಿದ್ಯಾರ್ಥಿಯೂ ಅಲ್ಲಿರುತ್ತಾನೆ. ಜುಲೈಗೆ ಕಾಲಿಡುತ್ತಿದ್ದಂತೆ ತೊಗರಿ ಬೆಳೆವಿಮೆಗೆ ಪಹಣಿ ಬೇಕಾದ ರೈತರು ಬಂದು ಸೇರುತ್ತಾರೆ. ಎಲ್ಲರಿಗೂ ಕೊನೆಯ ದಿನಾಂಕವೊಂದು ಇದ್ದೇ ಇರುತ್ತದೆ. ಅಂಥ ಹೊತ್ತಿನಲ್ಲಿ ಕಿಟಕಿಯ ಆಚೆಯಿಂದ ಒಂದು ಮಾತು ಕೇಳಿಬರುವುದುಂಟು: "ಸರ್ವರ್ ಬರವಲ್ದ್ರೀ, ನಾಳಿ ಬರ್ರಿ."

ಬರಬೇಕಾದ ಈ ಸರ್ವರ್ ಯಾರು? ಎಲ್ಲಿಂದ ಬರಬೇಕು? ಹೋಟೆಲಿನಲ್ಲಿ ಇಡ್ಲಿ ತಂದಿಡುವವನನ್ನೂ ಸರ್ವರ್ ಎನ್ನುತ್ತೇವೆ, ದೂರದಲ್ಲೆಲ್ಲೋ ಕುಳಿತು ದಾಖಲೆ ಒದಗಿಸುವ ಕಂಪ್ಯೂಟರನ್ನೂ ಸರ್ವರ್ ಎನ್ನುತ್ತೇವೆ. ಕೆಲಸ ಎರಡರದೂ ಒಂದೇ, ಕೇಳಿದ್ದನ್ನು ತಂದುಕೊಡುವುದು. ಕಿಟಕಿಯಲ್ಲಿ ಕುಳಿತವರ ಮುಂದಿರುವ ಕಂಪ್ಯೂಟರ್ ಕೇಳುವ ಗಿರಾಕಿ ಮಾತ್ರ. ಅಡುಗೆಮನೆ ಬೇರೆ ಕಡೆ ಇದೆ.

ಆ ಅಡುಗೆಮನೆ ಒಂದು ಕಾಲಕ್ಕೆ ತಾಲ್ಲೂಕು ಕಚೇರಿಯಲ್ಲಿಯೇ ಇತ್ತು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಾರದು. ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ, ಅಂದರೆ ಎನ್‌ಐಸಿಯ, ನೆರವಿನಿಂದ ಕಳೆದ ಶತಮಾನದ ಕೊನೆಯಲ್ಲಿ 'ಭೂಮಿ' ಯೋಜನೆಯನ್ನು ಕೈಗೆತ್ತಿಕೊಂಡಿತು. ಅಲ್ಲಿಯವರೆಗೆ ಪಹಣಿ ಎಂದರೆ ಗ್ರಾಮಲೆಕ್ಕಿಗರ ಕೈಬರಹ. ಅವರು ಊರಿನಲ್ಲಿ ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ಭೂಮಾಲೀಕರ ಲೆಕ್ಕ, ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಸಿಗುತ್ತಿತ್ತು. ರೈತನೂ ಓದಲೆಂದು ಅವನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ ಇರುತ್ತಿತ್ತು. ನೌಕರರು ಬೆರಳಚ್ಚು ಒತ್ತಿದ ಮೇಲಷ್ಟೇ ದಾಖಲೆ ತೆರೆದುಕೊಳ್ಳುತ್ತಿತ್ತು. ಜಗತ್ತಿನ ಬೇರೆ ಬೇರೆ ದೇಶಗಳವರು ಬಂದು ನೋಡಿಹೋದ ಯೋಜನೆ ಅದು.

ಆಗಿನ ವ್ಯವಸ್ಥೆಯಲ್ಲಿ ಆಳಂದದ ಪಹಣಿಗಳಿಗೆ ಆಳಂದದಲ್ಲಿಯೇ ಒಂದು ಸರ್ವರ್, ಅಫಜಲಪುರದ್ದಕ್ಕೆ ಅಫಜಲಪುರದಲ್ಲಿ, ಜೇವರ್ಗಿಯದ್ದಕ್ಕೆ ಜೇವರ್ಗಿಯಲ್ಲಿ. ಇದರಲ್ಲಿ ಒಂದು ಅನುಕೂಲವಿತ್ತು. ಜೇವರ್ಗಿಯ ಯಂತ್ರ ಕೆಟ್ಟರೆ ಜೇವರ್ಗಿಯ ರೈತರಿಗಷ್ಟೇ ತೊಂದರೆ, ಭೀಮಾ ನದಿಯ ಆಚೆಯವರಿಗೆ ಸುದ್ದಿಯೂ ತಿಳಿಯುತ್ತಿರಲಿಲ್ಲ. ಅನಾನುಕೂಲವೂ ಅಲ್ಲಿಯೇ ಇತ್ತು. ಕಲಬುರಗಿ ಸೀಮೆಯ ಏಪ್ರಿಲ್ ಬಿಸಿಲು, ಕರಿಮಣ್ಣಿನ ದೂಳು, ಹೋಗಿಬರುವ ಕರೆಂಟು, ಇವುಗಳ ನಡುವೆ ಒಂಟಿ ಯಂತ್ರ ದುಡಿಯಬೇಕು. ಕೆಟ್ಟಾಗ ಸರಿಮಾಡಬಲ್ಲವರು ಹೊರಗಿನಿಂದ ಬರಬೇಕು. ಅದಕ್ಕೊಂದು ಯುಪಿಎಸ್, ಅದಕ್ಕೊಂದು ಬ್ಯಾಟರಿ, ದಿನವೂ ದಾಖಲೆಗಳ ಪ್ರತಿ ತೆಗೆದಿಡುವ ಕೆಲಸ, ಇವೆಲ್ಲ ಪ್ರತಿ ತಾಲ್ಲೂಕಿನಲ್ಲೂ ಪ್ರತ್ಯೇಕವಾಗಿ ಆಗಬೇಕು. ಆದುದರಿಂದ ಮುಂದಿನ ವರ್ಷಗಳಲ್ಲಿ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿದವು. ತಾಲ್ಲೂಕು ಮತ್ತು ಹೋಬಳಿಗಳನ್ನು ಅದಕ್ಕೆ ಜೋಡಿಸಲು ಸರ್ಕಾರದ್ದೇ ಒಂದು ಜಾಲ ಹರಡಿತು.

ಸಾವಿರಾರು ಜನರ ದಿನನಿತ್ಯದ ಕೆಲಸ ನಡೆಸುವ ಇಂಥ ದೊಡ್ಡ ಕೇಂದ್ರಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಯಂತ್ರ ಇಡಬೇಕೆ? ಅಥವಾ ಕೆಲವೇ ಬಲವಾದ ಯಂತ್ರಗಳನ್ನು ತಂದು, ಒಂದೊಂದರ ಒಳಗೂ ಹತ್ತಾರು ಸರ್ವರ್‌ಗಳು ಇರುವಂತೆ ಮಾಡಬೇಕೆ? ಎರಡನೆಯದಕ್ಕೆ ಸರ್ವರ್ ವರ್ಚುವಲೈಸೇಶನ್ ಎಂದು ಹೆಸರು.

ಮೂರೂ ತಾಲ್ಲೂಕಿನ ರೈತರಿಗೆ ಈ ಲೆಕ್ಕ ಹೊಸದಲ್ಲ. ಹಿಂದೆ ಪ್ರತಿ ಮನೆಯಲ್ಲೂ ಒಂದು ಜೋಡಿ ಎತ್ತು ಇರುತ್ತಿತ್ತು. ವರ್ಷದಲ್ಲಿ ಅವು ಹೊಲಕ್ಕೆ ಇಳಿಯುವ ದಿನಗಳು ಕೆಲವೇ, ಮೇವು ಮಾತ್ರ ದಿನವೂ ಬೇಕು. ಈಗ ಊರಿಗೆ ನಾಲ್ಕು ಟ್ರ್ಯಾಕ್ಟರ್ ಇವೆ, ಬೇಕಾದವರು ಬಾಡಿಗೆ ಕೊಟ್ಟು ಕರೆಯುತ್ತಾರೆ. ಸರ್ವರ್‌ಗಳ ಕಥೆಯೂ ಹೀಗೆಯೇ. ಒಂದೇ ಕೆಲಸಕ್ಕೆ ಮೀಸಲಿಟ್ಟ ಸಾಮಾನ್ಯ ಸರ್ವರ್ ತನ್ನ ಶಕ್ತಿಯ ನೂರರಲ್ಲಿ ಹತ್ತು ಹದಿನೈದು ಪಾಲನ್ನಷ್ಟೇ ಬಳಸುತ್ತ ಉಳಿದ ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ. ಕಾಯುವಾಗಲೂ ಅದಕ್ಕೆ ವಿದ್ಯುತ್ ಬೇಕು, ಅದರ ಬಿಸಿ ಇಳಿಸಲು ಏರ್ ಕಂಡೀಷನರಿಗೂ ವಿದ್ಯುತ್ ಬೇಕು.

ಒಂದು ಯಂತ್ರದೊಳಗೆ ಹತ್ತು ಯಂತ್ರ ಇರುವುದು ಹೇಗೆ? ಕಂಪ್ಯೂಟರಿನ ಯಂತ್ರಾಂಶಕ್ಕೆ ಒಡೆಯನಾಗಿ ಕೂರುವುದು ವಿಂಡೋಸ್ ಅಥವಾ ಲಿನಕ್ಸಿನಂಥ ಕಾರ್ಯಾಚರಣ ವ್ಯವಸ್ಥೆ. ಅದಕ್ಕೆ ಹಿಂದೆ ಸೂಪರ್‌ವೈಸರ್ ಎಂಬ ಹೆಸರಿತ್ತು. ಅಂಥ ಹತ್ತು ಸೂಪರ್‌ವೈಸರುಗಳ ಮೇಲೊಬ್ಬನನ್ನು ಕೂರಿಸಿದರೆ ಅವನೇ ಹೈಪರ್‌ವೈಸರ್. ಇದೂ ಒಂದು ತಂತ್ರಾಂಶವೇ. ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಗೂ 'ಇಡೀ ಯಂತ್ರ ನಿನ್ನದೇ' ಎಂಬ ಭ್ರಮೆ ಹುಟ್ಟಿಸುವುದು ಇದರ ಕೆಲಸ. ಒಳಗಿನವರು ಸ್ಮರಣೆ ಕೇಳಿದಾಗ, ತಟ್ಟೆಗೆ ಬರೆಯಲು ಹೊರಟಾಗ, ನಡುವೆ ನಿಂತು ಪಾಲು ಹಂಚುತ್ತದೆ. ಒಬ್ಬರ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರು ಇಣುಕದಂತೆ ಕಾಯುತ್ತದೆ.

ಇದು ನಿನ್ನೆ ಮೊನ್ನೆಯ ಕಲ್ಪನೆಯೂ ಅಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ಕೇಂದ್ರವೊಂದರಲ್ಲಿ 1960ರ ದಶಕದಲ್ಲಿ ಇದು ಹುಟ್ಟಿತು, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೋಣೆ ತುಂಬುವ ಆ ಯಂತ್ರಗಳಿಗೆ ಬಹಳ ಬೆಲೆ, ಹಂಚಿಕೊಳ್ಳದೆ ಗತಿಯಿರಲಿಲ್ಲ. ಆಮೇಲೆ ಇಂಟೆಲ್ ಚಿಪ್ಪಿನ ಅಗ್ಗದ ಯಂತ್ರಗಳು ಬಂದವು, ಹಂಚಿಕೊಳ್ಳುವ ಮಾತು ಮರೆಯಾಯಿತು. ಆ ಚಿಪ್ಪಿನ ರಚನೆಯೂ ಹಂಚಿಕೆಗೆ ಒಗ್ಗುವಂಥದಾಗಿರಲಿಲ್ಲ. ಒಳಗಿನವರು ಹೊರಡಿಸುವ ಕೆಲವು ಆಜ್ಞೆಗಳು ಹೈಪರ್‌ವೈಸರಿನ ಕಣ್ಣು ತಪ್ಪಿಸಿ ನಡೆದುಬಿಡುತ್ತಿದ್ದವು. ಪೆಂಟಿಯಂ ಚಿಪ್ಪಿನಲ್ಲಿ ಅಂಥ 17 ಆಜ್ಞೆಗಳನ್ನು 2000ದಲ್ಲಿ ಸಂಶೋಧಕರು ಎಣಿಸಿ ತೋರಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಂಡೆಲ್ ರೋಸೆನ್‌ಬ್ಲಂ ಮತ್ತು ಸಂಗಡಿಗರು ಆ ಆಜ್ಞೆಗಳನ್ನು ನಡೆಯುವ ಮೊದಲೇ ತಿದ್ದಿ ಬರೆಯುವ ಉಪಾಯ ಕಂಡುಕೊಂಡರು. 1998ರಲ್ಲಿ ಅವರು ಕಟ್ಟಿದ ಸಂಸ್ಥೆ ವಿಎಂವೇರ್. ದೊಡ್ಡ ಸರ್ವರ್‌ಗಳಿಗೆ ಒದಗುವ ಅವರ ಹೈಪರ್‌ವೈಸರ್ 2001ರಲ್ಲಿ ಬಂತು. ಭೂಮಿ ಯೋಜನೆಯ ಯಂತ್ರಗಳು ತಾಲ್ಲೂಕು ತಾಲ್ಲೂಕಿಗೆ ತಲುಪುತ್ತಿದ್ದ ದಿನಗಳೂ ಅವೇ. ಆಗ ತಾಲ್ಲೂಕಿಗೊಂದು ಸರ್ವರ್ ಇಟ್ಟದ್ದನ್ನು ಇಂದು ಯಾರಾದರೂ ದುಂದು ಎಂದರೆ ಅದು ಅನ್ಯಾಯದ ಮಾತಾದೀತು. ಮುಂದೆ ಚಿಪ್ಪಿನವರೇ ಈ ಕೊರತೆಯನ್ನು ತುಂಬಿದರು, ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸಿನ ಭಾಗವೇ ಆಯಿತು, ಅದಕ್ಕೆ ಕಾಸು ಕೊಡಬೇಕಿಲ್ಲ.

ಈ ಏರ್ಪಾಟಿನ ಬಹು ಸೊಗಸಾದ ಗುಣವೆಂದರೆ ನಡೆಯುತ್ತಿರುವ ಸರ್ವರನ್ನು ನಿಲ್ಲಿಸದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಬಹುದು. ಗುಮಾಸ್ತರೊಬ್ಬರು ದಪ್ಪ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಲೇ ಇದ್ದಾರೆ ಎಂದುಕೊಳ್ಳಿ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಅದರ ಎಲ್ಲ ಪುಟಗಳ ನಕಲು ಮಾಡುತ್ತಾರೆ. ನಕಲು ಮುಗಿಯುವಷ್ಟರಲ್ಲಿ ಮೂಲದಲ್ಲಿ ಐವತ್ತು ಪುಟ ಬದಲಾಗಿರುತ್ತವೆ, ಆ ಐವತ್ತನ್ನು ಮತ್ತೆ ನಕಲು ಮಾಡುತ್ತಾರೆ. ಅಷ್ಟರಲ್ಲಿ ಬದಲಾದದ್ದು ಐದೇ ಪುಟ. ಆಗ 'ಒಂದು ಕ್ಷಣ ಪೆನ್ನು ನಿಲ್ಲಿಸಿ' ಎಂದು ಆ ಐದನ್ನೂ ಬರೆದುಕೊಂಡು, ಗುಮಾಸ್ತರನ್ನು ಹೊಸ ಕೋಣೆಗೆ ಕರೆದೊಯ್ದರಾಯಿತು. ಕಿಟಕಿಯ ಮುಂದೆ ನಿಂತವನಿಗೆ ಸ್ಥಳಾಂತರ ನಡೆದದ್ದೇ ತಿಳಿಯದು. ಹಳೆಯ ಯಂತ್ರದ ದೂಳು ಕೊಡವಿ, ಫ್ಯಾನು ಬದಲಿಸಿ, ಕಚೇರಿಯ ವೇಳೆಯಲ್ಲಿಯೇ ದುರಸ್ತಿ ಮುಗಿಸಬಹುದು. ಒಂಟಿ ಯಂತ್ರದ ಕಾಲದಲ್ಲಿ ಇದಕ್ಕೆ ಭಾನುವಾರ ಕಾಯಬೇಕಿತ್ತು.

ಹೊಸ ಸರ್ವರ್ ಬೇಕಾದಾಗ ಟೆಂಡರ್ ಕರೆದು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ, ಕೆಲವು ನಿಮಿಷಗಳಲ್ಲಿ ಸಿದ್ಧ. ಕೇಂದ್ರ ಸರ್ಕಾರ 2014ರಲ್ಲಿ 'ಮೇಘರಾಜ್' ಎಂಬ ಹೆಸರಿನಲ್ಲಿ ಎನ್‌ಐಸಿಯ ಮೂಲಕ ಇಲಾಖೆಗಳಿಗೆ ಒದಗಿಸಿದ್ದು ಇಂಥ ಸೌಲಭ್ಯವನ್ನೇ.

ಹಾಗಾದರೆ ಎಲ್ಲವನ್ನೂ ಹಾಗೆಯೇ ತುಂಬಿಬಿಡಬಹುದಲ್ಲ? ಇಲ್ಲಿಯೇ ಟ್ರ್ಯಾಕ್ಟರಿನ ಮಾತಿಗೆ ಮರಳಬೇಕು. ಮೊದಲ ಹದಮಳೆ ಬಿದ್ದ ಮರುದಿನ ಊರಿನವರಿಗೆಲ್ಲ ಟ್ರ್ಯಾಕ್ಟರ್ ಬೇಕು, ಅದೂ ಅಂದೇ ಬೇಕು. ಹದ ಆರಿದರೆ ತೊಗರಿ ಬಿತ್ತನೆ ಕೆಟ್ಟಿತು. ವರ್ಷದ ಸರಾಸರಿ ನೋಡಿ 'ನಾಲ್ಕು ಟ್ರ್ಯಾಕ್ಟರ್ ಸಾಕು' ಎಂದವರ ಲೆಕ್ಕ ಅಂದು ಬುಡಮೇಲಾಗುತ್ತದೆ.

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಇದನ್ನು ಮಾಡಿನೋಡಬಹುದು. ಮೂರು ತಾಲ್ಲೂಕು, ತಾಲ್ಲೂಕಿಗೆ ನಾಲ್ಕು ಕೆಲಸ, ಒಟ್ಟು 12 ಹಳೆಯ ಸರ್ವರ್ ಇವೆ ಎನ್ನೋಣ. ಇವು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆಗಳು. ಪ್ರತಿಯೊಂದೂ ಸರಾಸರಿ ತನ್ನ ಶಕ್ತಿಯ ಶೇಕಡಾ 10 ಬಳಸುತ್ತದೆ. ಕೂಡಿದರೆ 120, ಅಂದರೆ ಒಂದೂಕಾಲು ಹಳೆಯ ಯಂತ್ರಕ್ಕೂ ಕಡಿಮೆ. ಹೊಸ ಯಂತ್ರದ ಶಕ್ತಿ ಹಳೆಯದರ ನಾಲ್ಕರಷ್ಟು ಎಂದರೆ, ಈ ಎಲ್ಲ ಕೆಲಸ ಒಂದೇ ಹೊಸ ಯಂತ್ರದ ಶೇಕಡಾ 30ರಲ್ಲಿ ಮುಗಿಯಿತು. ಸರಾಸರಿಯನ್ನೇ ನಂಬಿದವರು ಒಂದು ಯಂತ್ರ ಕೊಂಡು ಖುಷಿಯಾಗಿರುತ್ತಾರೆ.

ಇನ್ನು ಜೂನ್ ಬರಲಿ. ಹನ್ನೆರಡೂ ಸರ್ವರ್‌ಗಳು ಒಂದೇ ದಿನ ಶೇಕಡಾ 60ಕ್ಕೆ ಏರಿದವು ಎನ್ನಿ. ಕೂಡಿದರೆ 720, ಅಂದರೆ 1.8 ಹೊಸ ಯಂತ್ರ. ಎರಡು ಯಂತ್ರ ಇದ್ದರೆ ತಲಾ ಶೇಕಡಾ 90ರ ಹೊರೆಯಲ್ಲಿ ಹೇಗೋ ನಡೆಯುತ್ತದೆ. ಅದೇ ದಿನ ಒಂದು ಯಂತ್ರ ಕೆಟ್ಟಿತೆ? ಉಳಿದ ಒಂದರ ಮೇಲೆ ಶೇಕಡಾ 180ರ ಹೊರೆ ಬೀಳುತ್ತದೆ, ಅದು ಹೊರಲಾರದು. ಮೂರು ಇದ್ದರೆ ಸಾಮಾನ್ಯ ಹೊತ್ತಿನಲ್ಲಿ ತಲಾ 60, ಒಂದು ಕೆಟ್ಟಾಗ ಉಳಿದೆರಡರ ಮೇಲೆ ತಲಾ 90. ಕೆಲಸ ನಿಲ್ಲದು. ಹನ್ನೆರಡರ ಬದಲು ಮೂರು ಯಂತ್ರ ಎಂದರೂ ಉಳಿತಾಯ ಸಣ್ಣದಲ್ಲ. ಆದರೆ ಮೂರನೆಯದು 'ಸುಮ್ಮನೆ ಕೂತಿದೆ' ಎಂದು ಲೆಕ್ಕಪತ್ರದವರು ತಕರಾರು ತೆಗೆಯುವುದು, ಅದರೊಳಗೆ ಇನ್ನಷ್ಟು ಸರ್ವರ್ ತುಂಬುವುದು, ಇದು ಎಲ್ಲೆಡೆ ಕಾಣುವ ಕಥೆ. ಹೊಸ ವರ್ಚುವಲ್ ಸರ್ವರ್ ಹುಟ್ಟಿಸುವುದು ಸುಲಭವಾದ್ದರಿಂದಲೇ ಅವು ಬೇಕಾಬಿಟ್ಟಿ ಹುಟ್ಟುತ್ತವೆ, ಅಳಿಸುವವರಿಲ್ಲ.

ಬೇರೆ ಬೇರೆ ಸ್ವಭಾವದ ಕೆಲಸಗಳು ಒಂದೇ ಸೂರಿನಡಿ ಸೇರಿದರೆ ಲಾಭ ಹೆಚ್ಚು: ಹಗಲು ದುಡಿಯುವುದೊಂದು, ರಾತ್ರಿ ದುಡಿಯುವುದೊಂದು. ಕಂದಾಯ ಇಲಾಖೆಯಂಥ ಕಡೆ ಸೇರುವುದು ಬಹುಪಾಲು ಒಂದೇ ಸ್ವಭಾವದ ಕೆಲಸ. ಆಳಂದಕ್ಕೆ ಜೂನ್ ಬಂದಾಗ ಚಾಮರಾಜನಗರಕ್ಕೂ ಜೂನ್ ಬರುತ್ತದೆ. ಸರಾಸರಿಯ ಲೆಕ್ಕ ಇಲ್ಲಿ ಹೆಚ್ಚು ಮೋಸಮಾಡುತ್ತದೆ.

ಎಲ್ಲ ಕೆಲಸಕ್ಕೂ ಇದು ಒಗ್ಗುತ್ತದೆಯೇ ಎಂದರೆ, ಬಹಳಷ್ಟಕ್ಕೆ ಒಗ್ಗುತ್ತದೆ. ಅರ್ಜಿ ನಮೂನೆ ತೋರಿಸುವ, ಪ್ರಮಾಣಪತ್ರ ಅಚ್ಚುಮಾಡುವ ಸರ್ವರ್‌ಗಳನ್ನು ಹಿಂಜರಿಯದೆ ಹೈಪರ್‌ವೈಸರಿನ ಮೇಲೆ ಹಾಕಬಹುದು. ಚರ್ಚೆ ಏಳುವುದು ದತ್ತಸಂಚಯದ ಬಗ್ಗೆ, ಅಂದರೆ ಕೋಟ್ಯಂತರ ದಾಖಲೆಗಳನ್ನು ಇಟ್ಟುಕೊಂಡು ನಿಮಿಷಕ್ಕೆ ಸಾವಿರಾರು ಬಾರಿ ಓದಿ ಬರೆಯುವ ಸರ್ವರ್ ಬಗ್ಗೆ. ಅದು ಸ್ವತಃ ಒಂದು ಇಡೀ ಯಂತ್ರವನ್ನು ತಿಂದುಹಾಕುವಷ್ಟು ದೊಡ್ಡದಿದ್ದರೆ ಹಂಚಿಕೊಳ್ಳಲು ಉಳಿಯುವುದೇನು? ನಡುವೆ ಕೂತ ಹೈಪರ್‌ವೈಸರ್ ಅಷ್ಟಿಷ್ಟು ಸುಂಕ ಪಡೆದೇ ಪಡೆಯುತ್ತದೆ. ನೆರೆಯ ಸರ್ವರ್ ಗದ್ದಲ ಮಾಡಿದರೆ ಇದರ ತಟ್ಟೆಯ ವೇಗವೂ ಕುಗ್ಗುತ್ತದೆ. ಕೆಲವು ದತ್ತಸಂಚಯ ತಂತ್ರಾಂಶಗಳ ಪರವಾನಗಿ ಶುಲ್ಕವನ್ನು ಯಂತ್ರದಲ್ಲಿರುವ ಎಲ್ಲ ಚಿಪ್ಪುಗಳನ್ನೂ ಎಣಿಸಿ ಕೇಳುವುದುಂಟು. ಆಗ ಯಂತ್ರದಲ್ಲಿ ಉಳಿಸಿದ ಹಣ ಪರವಾನಗಿಗೆ ಹೋಯಿತು. ಇಲ್ಲಿ ಊಹೆಗಿಂತ ಅಳತೆ ಮೇಲು. ಹೋದ ವರ್ಷದ ಜುಲೈ ಕೊನೆಯ ವಾರದ ಹೊರೆಯನ್ನೇ ಪರೀಕ್ಷೆಗೆ ಹಚ್ಚಿ, ನೇರ ಯಂತ್ರದ ಮೇಲೆ ಒಮ್ಮೆ, ಹೈಪರ್‌ವೈಸರಿನ ಮೇಲೆ ಒಮ್ಮೆ ಓಡಿಸಿ ನೋಡಬೇಕು.

ಹೆಚ್ಚು ಗಮನ ಬೇಡುವ ವಿಷಯ ಬೇರೆಯೇ ಇದೆ. ಹನ್ನೆರಡು ಮಣ್ಣಿನ ಗಡಿಗೆಗಳಲ್ಲಿದ್ದ ನೀರು ಒಂದು ಹಂಡೆಗೆ ಬಂದಿದೆ. ಹಂಡೆ ತೂತಾದರೆ?

2023ರ ಫೆಬ್ರುವರಿಯಲ್ಲಿ ಯುರೋಪಿನ ಹಲವು ದೇಶಗಳಲ್ಲಿ ದುಷ್ಕರ್ಮಿಗಳು ವಿಎಂವೇರ್ ಹೈಪರ್‌ವೈಸರುಗಳಿಗೇ ನುಗ್ಗಿ ಬೀಗ ಜಡಿದು ಹಣ ಕೇಳಿದರು. ಒಳಗಿನ ಒಂದೊಂದು ಸರ್ವರಿನ ಬಾಗಿಲು ಒಡೆಯುವ ಶ್ರಮವೇ ಇಲ್ಲ, ಹೆಬ್ಬಾಗಿಲು ಒಡೆದರೆ ಎಲ್ಲ ಕೋಣೆಗಳೂ ಕೈವಶ. ಅವರು ಬಳಸಿದ ಬಿರುಕಿಗೆ ತೇಪೆ ಎರಡು ವರ್ಷ ಮೊದಲೇ, 2021ರಲ್ಲಿ, ಬಿಡುಗಡೆಯಾಗಿತ್ತು. ಹಚ್ಚಿಕೊಂಡಿರದವರು ಸಿಕ್ಕಿಬಿದ್ದರು.

ದಕ್ಷಿಣ ಕೊರಿಯದಲ್ಲಿ ನಡೆದದ್ದು ಇನ್ನೂ ದೊಡ್ಡದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹೊತ್ತಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಒಮ್ಮೆಲೇ ನಿಂತವು. ತಂತ್ರಜ್ಞಾನದಲ್ಲಿ ಮುಂದಿರುವ ದೇಶ ಅದು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ 858 ಟೆರಾಬೈಟ್ ಸಂಗ್ರಹವೊಂದು ಸುಟ್ಟುಹೋಯಿತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ, ಗಾತ್ರ ಬಹಳ ದೊಡ್ಡದೆಂದು ತೆಗೆದಿಟ್ಟೇ ಇರಲಿಲ್ಲ.

ಇದು ವರ್ಚುವಲೈಸೇಶನ್ನಿನ ತಪ್ಪಲ್ಲ. ಒಂದೇ ಕಡೆ ಕೂಡಿಹಾಕಿದ್ದರ ತಪ್ಪು. ಆದರೆ ಕೂಡಿಹಾಕುವುದನ್ನು ಅಷ್ಟು ಸಲೀಸು ಮಾಡಿದ್ದು ಇದೇ ತಂತ್ರ. ಆದ್ದರಿಂದ ನಿರ್ಧರಿಸುವವರು ಕೆಲವು ಕಟ್ಟುಪಾಡುಗಳನ್ನು ಮೊದಲೇ ಹಾಕಿಕೊಳ್ಳುತ್ತಾರೆ. ಒಂದೇ ಸೇವೆಯ ಜೋಡಿ ಸರ್ವರ್‌ಗಳು ಎಂದೂ ಒಂದೇ ಯಂತ್ರದಲ್ಲಿ ಇರಕೂಡದು. ಯಂತ್ರ ಮೂರಿದ್ದು, ಅವುಗಳೆಲ್ಲದರ ದಾಖಲೆ ಒಂದೇ ತಟ್ಟೆಪೆಟ್ಟಿಗೆಯಲ್ಲಿದ್ದರೆ, ಮೂರಿದ್ದೂ ಒಂದೇ ಲೆಕ್ಕ. ಇದನ್ನು ಮರೆಯುವವರು ಬಹಳ. 'ಸ್ನ್ಯಾಪ್‌ಶಾಟ್' ಎಂಬ ಅನುಕೂಲದಿಂದ ಸರ್ವರಿನ ಈ ಕ್ಷಣದ ಚಿತ್ರ ತೆಗೆದಿಟ್ಟು, ಬೇಕಾದಾಗ ಹಿಂದಿರುಗಬಹುದು. ಇದೇ ಬ್ಯಾಕಪ್ ಎಂದು ತಿಳಿದು ನೆಮ್ಮದಿಯಾಗಿರುವವರೂ ಇದ್ದಾರೆ. ಆ ಚಿತ್ರ ಇರುವುದು ಅದೇ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಸುಟ್ಟರೆ ಚಿತ್ರವೂ ಸುಟ್ಟಿತು. ನಿಜವಾದ ಪ್ರತಿ ಬೇರೆ ಊರಿನಲ್ಲಿರಬೇಕು.

ಇನ್ನೊಂದು ಪೇಚು 2023ರ ಕೊನೆಯಲ್ಲಿ ಬಂತು. ಬ್ರಾಡ್‌ಕಾಮ್ ಎಂಬ ಚಿಪ್ ಕಂಪನಿ ಆ ವರ್ಷದ ನವೆಂಬರಿನಲ್ಲಿ ವಿಎಂವೇರನ್ನು ಕೊಂಡುಕೊಂಡು, ಮರುತಿಂಗಳೇ ಶಾಶ್ವತ ಪರವಾನಗಿ ಮಾರಾಟ ನಿಲ್ಲಿಸಿತು. ಮನೆ ಕೊಂಡಿದ್ದವರು ಇನ್ನು ಬಾಡಿಗೆ ಕಟ್ಟಬೇಕು ಎಂಬಂತಾಯಿತು. ಹಲವು ಗ್ರಾಹಕರು ಶುಲ್ಕ ಬಹುಪಟ್ಟು ಏರಿತೆಂದು ದೂರಿದರು, ಕೆಲವರು ಕೆವಿಎಂ ಆಧಾರದ ಉಚಿತ ವ್ಯವಸ್ಥೆಗಳತ್ತ ಹೊರಟರು. ಹೊರಡುವುದು ಹೇಳಿದಷ್ಟು ಸುಲಭವಲ್ಲ, ನೂರಾರು ಸರ್ವರ್‌ಗಳನ್ನು ಒಂದೊಂದಾಗಿ ಬಿಚ್ಚಿ ಕಟ್ಟಬೇಕು. ಬರುವಾಗಲೇ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡವರಿಗೆ ಕಷ್ಟ ಕಡಿಮೆಯಾಯಿತು.

ಮತ್ತೆ ಕಿಟಕಿಯ ಬಳಿಗೆ ಬರೋಣ. ಬೆಂಗಳೂರು ಆಳಂದದಿಂದ ಸುಮಾರು 600 ಕಿಲೋಮೀಟರ್. ಅಷ್ಟು ದೂರ ಹೋಗಿಬರಬೇಕಾದ್ದರಿಂದ ತಡವಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ತಂತಿ ಸುತ್ತಿಬಳಸಿ 1,000 ಕಿಲೋಮೀಟರ್ ಆಯಿತೆಂದರೂ ಹೋಗಿಬರಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ತಡಕ್ಕೆ ದೂರ ಕಾರಣವಲ್ಲ. ತುಂಬಿ ತುಳುಕುವ ಯಂತ್ರ ಕಾರಣವಿರಬಹುದು, ಅಥವಾ ರಸ್ತೆ ಅಗೆಯುವ ಜೆಸಿಬಿ ತುಂಡರಿಸಿದ ತಂತಿ ಕಾರಣವಿರಬಹುದು. ತಂತಿ ತುಂಡಾಗಿದ್ದರೆ ಬೆಂಗಳೂರಿನಲ್ಲಿ ಎಷ್ಟು ಬಲವಾದ ಯಂತ್ರವಿದ್ದರೂ ಪ್ರಯೋಜನವಿಲ್ಲ. ಒಂದು ಕಚೇರಿಗೆ ಎರಡು ಬೇರೆ ದಾರಿಯಲ್ಲಿ ಬರುವ ಎರಡು ತಂತಿಗಳು ಬೇಕು ಎಂಬುದು ಇದಕ್ಕೇ. 'ಸರ್ವರ್ ಬರವಲ್ದು' ಎಂಬ ಒಂದೇ ಮಾತಿನಲ್ಲಿ ಈ ಎರಡೂ ಕಾಯಿಲೆ ಅಡಗಿವೆ. ಅಕ್ಕಪಕ್ಕದ ತಾಲ್ಲೂಕಿಗೆ ಫೋನು ಮಾಡಿ ಕೇಳಿದರೆ ಯಾವುದು ಎಂದು ಅರ್ಧ ತಿಳಿಯುತ್ತದೆ. ಅಫಜಲಪುರದಲ್ಲಿ ನಡೆಯುತ್ತಿದ್ದು ಜೇವರ್ಗಿಯಲ್ಲಿ ನಿಂತಿದ್ದರೆ ಕೆಟ್ಟದ್ದು ತಂತಿ. ಎಲ್ಲೆಡೆ ನಿಂತಿದ್ದರೆ ಕೇಂದ್ರದಲ್ಲೇ ಏನೋ ಆಗಿದೆ.

ಮನೆಯಲ್ಲಿ ಕಂಪ್ಯೂಟರ್ ಇರುವ ಮಕ್ಕಳು ಇದನ್ನು ಕಣ್ಣಾರೆ ನೋಡಬಹುದು. 8 ಗಿಗಾಬೈಟ್ ಸ್ಮರಣೆ ಇರುವ ಯಂತ್ರ ಸಾಕು. ಲಿನಕ್ಸ್ ಹಾಕಿ, ಅದರಲ್ಲಿರುವ ಕೆವಿಎಂನಿಂದ ಒಂದು ಗಿಗಾಬೈಟಿನ ಮೂರು ವರ್ಚುವಲ್ ಯಂತ್ರ ಹುಟ್ಟಿಸಿ, ಆಳಂದ, ಅಫಜಲಪುರ, ಜೇವರ್ಗಿ ಎಂದು ಹೆಸರಿಡಿ. ಒಂದಕ್ಕೆ ಭಾರೀ ಗುಣಾಕಾರದ ಕೆಲಸ ಹಚ್ಚಿ ಉಳಿದೆರಡು ಎಷ್ಟು ನಿಧಾನವಾದವು ಎಂದು ಗಡಿಯಾರ ಹಿಡಿದು ಅಳೆಯಿರಿ. ಆಮೇಲೆ ಮೂರಕ್ಕೂ ಒಟ್ಟಿಗೆ ಹಚ್ಚಿ.

ದೊಡ್ಡ ಕೇಂದ್ರಗಳಲ್ಲಿ ಒಳ್ಳೆಯ ತಂತ್ರಜ್ಞರು ಮಾಡುವುದೂ ಇದನ್ನೇ, ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಜನರಿಲ್ಲದ ಒಂದು ಭಾನುವಾರ ನೋಡಿ, ನಡೆಯುತ್ತಿರುವ ಮೂರು ಯಂತ್ರಗಳಲ್ಲಿ ಒಂದರ ಪ್ಲಗ್ಗನ್ನು ಬೇಕೆಂದೇ ಕಿತ್ತು, ಅದರೊಳಗಿನ ಸರ್ವರ್‌ಗಳು ಉಳಿದೆರಡರಲ್ಲಿ ಎಷ್ಟು ನಿಮಿಷದಲ್ಲಿ ಎದ್ದು ನಿಲ್ಲುತ್ತವೆ ಎಂದು ಬರೆದಿಡುತ್ತಾರೆ. ಅದನ್ನು ಮಾಡಬೇಕಾದದ್ದು ಮೇ ತಿಂಗಳೊಳಗೆ, ಸಾಲು ಬೆಳೆಯುವ ಮೊದಲು.